ಕೇಳುತ್ತ ನಿಂತವರ ಚಿತ್ರಗಳು: ಹೆರ್ಮಿನಿಯಾ ತಬಾದಾ ಅವರ ಥಿಯರಿ ತರಗತಿ

ಮಾಧ್ಯಮ ಅಧ್ಯಯನದ ಕ್ಷೇತ್ರದಲ್ಲಿ ದಪ್ಪ ಗ್ರಂಥಗಳನ್ನು ಬರೆದು ಹೆಸರಾದವರು ಒಂದು ಬಗೆಯಾದರೆ, ಒಂದೇ ಪಾಠದ ಕೋಣೆಯಲ್ಲಿ ಮೂವತ್ತನಾಲ್ಕು ವರ್ಷ ನಿಂತು ತಲೆಮಾರುಗಳ ನೋಡುವ ಕಣ್ಣನ್ನು ತಿದ್ದಿದವರು ಇನ್ನೊಂದು ಬಗೆ. ಸೆಬು ನಗರದ ನಮ್ಮ ಕಲಾ ಕಾಲೇಜಿನ ಅನಿಮೇಶನ್ ವಿಭಾಗದಿಂದ ಈ ಮಾರ್ಚ್ ತಿಂಗಳಲ್ಲಿ ನಿವೃತ್ತರಾಗುತ್ತಿರುವ ಡಾ. ಹೆರ್ಮಿನಿಯಾ ತಬಾದಾ ಅವರು ಈ ಎರಡನೆಯ ಬಗೆಗೆ ಸೇರಿದವರು. ಅವರು ಬರೆದ ಪುಸ್ತಕ ಒಂದೇ, ಅದೂ ತೆಳುವಾದದ್ದು. ಆದರೆ ಈ ದ್ವೀಪದಲ್ಲಿ ಚಲಿಸುವ ಚಿತ್ರ ಬರೆದು ಬದುಕುವವರಲ್ಲಿ, ಒಬ್ಬ ಹೆಂಗಸನ್ನು ಕಾಗದದ ಮೇಲೆ ಇಳಿಸುವ ಮುಂಚೆ ಒಂದು ಗಳಿಗೆ ಕೈ ತಡೆದು, ಇವಳು ಇಲ್ಲಿ ಯಾಕೆ ನಿಂತಿದ್ದಾಳೆ ಎಂದು ಕೇಳಿಕೊಳ್ಳದವರು ಕಡಿಮೆ. ಹಾಗೆ ಕೇಳಿಕೊಳ್ಳುವ ಅಭ್ಯಾಸ ಎಲ್ಲಿಂದ ಬಂತೆಂದು ವಿಚಾರಿಸಿದರೆ, ಹತ್ತರಲ್ಲಿ ಎಂಟು ಮಂದಿ ತಬಾದಾ ಮೇಡಂ ಅವರ ಹೆಸರು ಹೇಳಿಯಾರು. ಉಳಿದಿಬ್ಬರು ಅವರ ವಿದ್ಯಾರ್ಥಿಗಳ ಹೆಸರು ಹೇಳಿಯಾರು.

ಈ ಅಭಿನಂದನ ಸಂಪುಟದ ಸಂಪಾದಕರು ಅವರ ವಿದ್ವತ್ತಿನ ಬಗ್ಗೆ ಬರೆಯಲು ಹಲವು ಹಿರಿಯರನ್ನು ಕೇಳಿದ್ದಾರೆ. ಚಿತ್ರ ಬರೆಯುವುದನ್ನಷ್ಟೇ ಕಲಿಸಿ ಬಂದ ಈ ಲೇಖಕನಿಗೆ ಆ ಯೋಗ್ಯತೆ ಇಲ್ಲ. ಆದ್ದರಿಂದ ಇಲ್ಲಿ ಒಬ್ಬ ವಿದ್ಯಾರ್ಥಿನಿಯ ಒಂದು ವರ್ಷದ ಕತೆಯನ್ನಷ್ಟೇ ಹೇಳಲಾಗಿದೆ. ಆಕೆ ಜೊನಾಲಿನ್ ಕಬಾಹುಗ್. ಇಂದು ನಮ್ಮ ವಿಭಾಗದಲ್ಲೇ ಥಿಯರಿ ಕಲಿಸುವ ಆಕೆಯನ್ನು ಏಕವಚನದಲ್ಲಿ ಕರೆಯುವ ಧೈರ್ಯ ಯಾರಿಗೂ ಇಲ್ಲ. ಆದರೆ ಹದಿನೆಂಟು ವರ್ಷದ ಹಿಂದಿನ ಮಾತಾದ್ದರಿಂದ, ಇಲ್ಲಿ ತಾನು ಆಗಿನ ಹುಡುಗಿಯಾಗಿಯೇ ಇರಲೆಂದು ಆಕೆಯೇ ಅಪ್ಪಣೆ ಕೊಟ್ಟಿದ್ದಾರೆ.

ತಬಾದಾ ಅವರು ದುಮಗೆಟೆ ಊರಿನ ಕಾನ್ವೆಂಟ್ ಶಾಲೆಯೊಂದರಲ್ಲಿ ಸಾಹಿತ್ಯ ಕಲಿಸುತ್ತಿದ್ದವರು. ೧೯೯೦ರ ಜೂನ್‌ನಲ್ಲಿ, ಚಿತ್ರ ಕಲಿಯುವವರಿಗೂ ಒಂದಿಷ್ಟು ಓದು ಬೇಕೆಂದು ಆಡಳಿತ ಮಂಡಳಿಗೆ ಅನಿಸಿದ್ದರಿಂದ ಇಲ್ಲಿಗೆ ಬಂದರು. ಬಂದಾಗ ಅವರಿಗೆ ಅನಿಮೇಶನ್ ಎಂದರೆ ಮಕ್ಕಳು ಬೆಳಿಗ್ಗೆ ಟಿವಿಯಲ್ಲಿ ನೋಡುವಂಥದ್ದು ಎನ್ನುವುದಕ್ಕಿಂತ ಹೆಚ್ಚೇನೂ ಗೊತ್ತಿರಲಿಲ್ಲ, ಅದನ್ನು ಅವರು ಮುಚ್ಚಿಡಲೂ ಇಲ್ಲ. ಸೋಮವಾರ ಬೆಳಿಗ್ಗೆ ಏಳೂವರೆಗೆ ಅವರ ತರಗತಿ. ರಾತ್ರಿಯಿಡೀ ಚಿತ್ರ ಬರೆದು ಬಂದ ಹುಡುಗ ಹುಡುಗಿಯರಿಗೆ ಅದು ನಿದ್ದೆಯ ಗಂಟೆ. ಅವರು ಯಾರನ್ನೂ ಗದರುತ್ತಿರಲಿಲ್ಲ. ಮಲಗಿದವರ ಬಳಿ ಹೋಗಿ, ನಿನ್ನೆ ನೀನು ಬರೆದ ಚಿತ್ರದಲ್ಲಿ ಅಮ್ಮನ ಕೈಯಲ್ಲಿ ತಟ್ಟೆ ಯಾಕಿದೆ ಎಂದು ಮೆಲ್ಲಗೆ ಕೇಳುತ್ತಿದ್ದರು. ಉತ್ತರ ಬಂದರೆ ಅದಕ್ಕೂ ಯಾಕೆ ಎನ್ನುತ್ತಿದ್ದರು. ಹೀಗಾಗಿ ಎರಡನೆಯ ವರ್ಷಕ್ಕಾಗಲೇ ಅವರಿಗೆ 'ಯಾಕೆ ಮೇಡಂ' ಎಂಬ ಹೆಸರು ಅಂಟಿಕೊಂಡಿತ್ತು.

ಜೊನಾಲಿನ್ ಆ ತರಗತಿಯಲ್ಲಿ ಮಲಗುತ್ತಿದ್ದವರಲ್ಲಿ ಮೊದಲಿಗಳು. ಅವಳ ಕೈ ಬಹಳ ಚುರುಕು. ಒಂದು ನಾಯಿ ಮೈ ಕೊಡವುವುದನ್ನು ಒಮ್ಮೆ ನೋಡಿದರೆ ಸಾಕು, ಹನ್ನೆರಡು ಚಿತ್ರಗಳಲ್ಲಿ ಅದನ್ನು ಕಾಗದಕ್ಕಿಳಿಸಿ ನಮ್ಮನ್ನೆಲ್ಲ ನಗಿಸುತ್ತಿದ್ದಳು. ಆದರೆ ಥಿಯರಿಯ ಓದು ಅವಳಿಗೆ ಆಗುತ್ತಿರಲಿಲ್ಲ. ಮೂರನೆಯ ವರ್ಷದಲ್ಲಿ ತಬಾದಾ ಅವರು ಅವಳನ್ನು ನಪಾಸು ಮಾಡಿದರು. ಮತ್ತೊಮ್ಮೆ ನಪಾಸಾದರೆ ವಿಭಾಗ ಬಿಡಬೇಕೆಂಬುದು ಆಗಿನ ನಿಯಮ. ಹಾಗಾಗಿ ೨೦೦೬ರ ಜೂನ್‌ನಲ್ಲಿ ಕೊನೆಯ ವರ್ಷದ ಪ್ರಬಂಧಕ್ಕೆ ಕೈ ಹಾಕಿದಾಗ ಅವಳಿಗೆ ಅದೇ ಕೊನೆಯ ಅವಕಾಶವಾಗಿತ್ತು. ಮಾರ್ಗದರ್ಶಕಿಯಾಗಿ ಸಿಕ್ಕವರೂ ಅದೇ ತಬಾದಾ ಮೇಡಂ.

ಯಾರೂ ತಪ್ಪು ಹುಡುಕಲಾರದ ವಿಷಯವೆಂದು ಅವಳು ಮೊದಲು 'ಟಿವಿ ಕಾರ್ಟೂನುಗಳಲ್ಲಿ ಮಹಿಳೆಯ ಚಿತ್ರಣ' ಎಂದು ಬರೆದುಕೊಂಡು ಹೋದಳು. ಮೇಡಂ ಗ್ರಂಥಾಲಯದಿಂದ ಅದೇ ಹೆಸರಿನ ಹನ್ನೊಂದು ಪ್ರಬಂಧಗಳನ್ನು ತರಿಸಿ ಮೇಜಿನ ಮೇಲೆ ಸಾಲಾಗಿ ಇಟ್ಟರು. ಎಲ್ಲದರಲ್ಲೂ ಎಷ್ಟು ಹೆಂಗಸರು ಅಡುಗೆಮನೆಯಲ್ಲಿದ್ದಾರೆ, ಎಷ್ಟು ಮಂದಿ ಅಳುತ್ತಾರೆ ಎಂಬ ಎಣಿಕೆ ಇತ್ತು. ಅವು ಸುಳ್ಳಲ್ಲ ಎಂದೂ ಹೇಳಿದರು.

"ಇವರೆಲ್ಲ ಪ್ರೇಕ್ಷಕರಾಗಿ ನೋಡಿದ್ದಾರೆ," ಎಂದರು ಮೇಡಂ. "ನೀನು ಚಿತ್ರ ಬರೆಯೋಳು. ಇವರಿಗೆ ಕಾಣದೇ ಇರೋದು ನಿನಗೇನಾದ್ರೂ ಕಾಣುತ್ತಾ? ಕಂಡರೆ ಬಾ."

ಆ ಮಾತನ್ನು ಅವಳು ತನ್ನನ್ನು ಸಾಗಹಾಕಿದ್ದೆಂದೇ ತಿಳಿದಳು. ಉತ್ತರ ಸಿಕ್ಕಿದ್ದು ಎರಡು ತಿಂಗಳ ಮೇಲೆ, ಕತ್ಮೋನ್ ಎಂಬ ಊರಿನಲ್ಲಿ. ಅಲ್ಲಿ ಅವಳ ದೊಡ್ಡಮ್ಮನ ನೆರೆಮನೆಯಲ್ಲಿ ಸೊಕೊರೊ ಇಬಾನ್ಯೆಸ್ ಎಂಬ ಹೆಂಗಸಿದ್ದಳು. ಊರಿಗೆಲ್ಲ ಆಕೆ ಮನಾಂಗ್ ಕೋರಿಂಗ್, ಅಂದರೆ ಕೋರಿಂಗ್ ಅಕ್ಕ. ನವಣೆ ಜಾತಿಯ ಸಣ್ಣ ಕಾಳನ್ನು ತೆಂಗಿನ ಹಾಲಿನಲ್ಲಿ ಬೇಯಿಸಿ, ಬಾಳೆಲೆಯಲ್ಲಿ ಸುತ್ತಿದ ಬುದ್ಬುದ್ ಮಾಡಿ ಬಸ್ ನಿಲ್ದಾಣದಲ್ಲಿ ಮಾರುತ್ತಿದ್ದಳು. ಅದಕ್ಕೂ ಮುಂಚೆ ಹದಿನಾಲ್ಕು ವರ್ಷ ಮನಿಲಾದ ಒಂದು ಸ್ಟುಡಿಯೋದಲ್ಲಿ ಇನ್‌ಬಿಟ್ವೀನರ್ ಆಗಿದ್ದಳು. ಪರದೇಶದ ಟಿವಿ ಧಾರಾವಾಹಿಗಳಿಗೆ ಅಲ್ಲಿ ಚಿತ್ರ ತಯಾರಾಗುತ್ತಿತ್ತು. ಮುಖ್ಯ ಕಲಾವಿದ ಬರೆದ ಎರಡು ಭಂಗಿಗಳ ನಡುವೆ ಬೇಕಾದ ಚಿತ್ರಗಳನ್ನು ತುಂಬುವುದು ಆಕೆಯ ಕೆಲಸ. ಸ್ಟುಡಿಯೋ ಮುಚ್ಚಿದಾಗ ರದ್ದಿಗೆ ಹೋಗುತ್ತಿದ್ದ ಕಾಗದಗಳನ್ನು ಎರಡು ರಟ್ಟಿನ ಪೆಟ್ಟಿಗೆ ತುಂಬ ಊರಿಗೆ ತಂದಿದ್ದಳು. ಒಲೆ ಹೊತ್ತಿಸಲು ತಂದದ್ದು, ಆದರೆ ಹಚ್ಚಲು ಮನಸ್ಸಾಗಲಿಲ್ಲ ಎಂದು ಹೇಳುತ್ತಿದ್ದಳು.

ಆ ಪೆಟ್ಟಿಗೆಗಳಲ್ಲಿ ಇದ್ದವು ಹೆಚ್ಚಾಗಿ ಎಕ್ಸ್‌ಪೋಶರ್ ಶೀಟುಗಳು. ಯಾವ ಚಿತ್ರ ತೆರೆಯ ಮೇಲೆ ಎಷ್ಟು ಹೊತ್ತು ನಿಲ್ಲಬೇಕೆಂದು ಗೆರೆಗೆರೆಯಾಗಿ ಬರೆದಿಡುವ ಉದ್ದನೆಯ ಕಾಗದಗಳಿವು. ಓಡುವ ಮನುಷ್ಯನಿಗೆ ಒಂದು ಸೆಕೆಂಡಿಗೆ ಹನ್ನೆರಡು ಚಿತ್ರ ಬೇಕು. ಸುಮ್ಮನೆ ನಿಂತವನಿಗೆ ಒಂದೇ ಸಾಕು. ಜೊನಾಲಿನ್ ಹಾಳೆಗಳನ್ನು ತಿರುವಿ ಹಾಕುತ್ತಿದ್ದಾಗ ಮನಾಂಗ್ ಕೋರಿಂಗ್ ಬಾಳೆಲೆ ಒರೆಸುತ್ತ ಹಳೆಯ ದಿನಗಳನ್ನು ನೆನೆಯತೊಡಗಿದಳು.

"ಹುಡುಗಿ ಸೀನು ಬಂತು ಅಂದ್ರೆ ನಮಗೆ ಹಬ್ಬ ಇಂದಾಯ್," ಎಂದಳು, ಮಗಳೇ ಎನ್ನುವ ಹಾಗೆ. "ನಂಗೆ ಕೊಡು ನಂಗೆ ಕೊಡು ಅಂತ ಜಗಳ. ಯಾಕ್ ಹೇಳು? ಮೈ ಅಲ್ಲಾಡಲ್ಲ. ಹೀರೋ ಮಾತಾಡ್ತಾನೆ, ಇವಳು ಕೇಳ್ತಾ ನಿಂತಿರ್ತಾಳೆ. ರೆಪ್ಪೆ ನಾಲ್ಕು ಬರಿ, ತುಟಿ ಎರಡು ಬರಿ, ಮುಗೀತು. ಬೆಳಕಿರೋವಾಗ್ಲೇ ಮನೆಗೆ ಹೋಗಿ ಮಗೂಗೆ ಉಣ್ಣಿಸ್ಬಹುದಿತ್ತು."

ಜೊನಾಲಿನ್ ಕೈಯಲ್ಲಿದ್ದ ಹಾಳೆಯನ್ನು ಮತ್ತೆ ನೋಡಿದಳು. ಹೆಂಗಸಿನ ಮೈ ಎಂಬ ಪಟ್ಟಿಯಲ್ಲಿ ಒಂದೇ ಚಿತ್ರದ ಸಂಖ್ಯೆ, ಅದರ ಕೆಳಗೆ ಪುಟದ ತುದಿಯವರೆಗೂ ಎಳೆದ ನೇರ ಗೆರೆ. ಪಕ್ಕದ ಗಂಡಸಿನ ಪಟ್ಟಿಯಲ್ಲಿ ಅಂಕಿಗಳು ಇರುವೆ ಸಾಲಿನಂತೆ. ಮೂರು ವರ್ಷ ಇಂಥ ಹಾಳೆಗಳನ್ನು ತುಂಬುತ್ತಲೇ ಬಂದಿದ್ದ ಅವಳು ಅಂದು ಮೊದಲ ಸಲ ಒಂದನ್ನು ಓದಿದಳು. ಹೆಂಗಸರನ್ನು ಹೇಗೆ ತೋರಿಸಿದ್ದಾರೆ ಎಂಬುದಲ್ಲ, ಅವರಿಗೆ ಎಷ್ಟು ಚಿತ್ರ ಕೊಟ್ಟಿದ್ದಾರೆ ಎಂಬುದನ್ನು ಎಣಿಸಬೇಕೆಂದು ಅವಳಿಗೆ ಹೊಳೆಯಿತು. ಬಸ್ಸಿನಲ್ಲಿ ಬರುವಾಗಲೇ ಎರಡು ಪುಟದ ಪ್ರಸ್ತಾವ ಬರೆದು ಮರುದಿನ ಕೊಟ್ಟಳು.

ಎರಡೇ ದಿನದಲ್ಲಿ ಅದು ಹಿಂದೆ ಬಂತು. ತಲೆಬರಹದ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ, ಇದು ತಂತ್ರದ ಪ್ರಶ್ನೆ, ಸಿದ್ಧಾಂತದ್ದಲ್ಲ, ಬೇರೆ ವಿಷಯ ನೋಡು ಎಂದಿತ್ತು. ಮಾರ್ಗದರ್ಶನ ಸಮಿತಿಯ ಇನ್ನಿಬ್ಬರೂ ಅದರ ಕೆಳಗೆ ಸಹಿ ಹಾಕಿದ್ದರು. ಆ ಇಬ್ಬರಲ್ಲಿ ಈ ಲೇಖಕನೂ ಒಬ್ಬ. ಎಕ್ಸ್‌ಪೋಶರ್ ಶೀಟ್ ಓದಲು ಬರುತ್ತಿದ್ದರೂ ಪ್ರಸ್ತಾವವನ್ನು ಓದದೆ ಸಹಿ ಹಾಕಿದ ತಪ್ಪು ಅವನದು.

ಜೊನಾಲಿನ್ ಹಾಳೆ ಹಿಡಿದುಕೊಂಡು ಮೇಡಂ ಅವರ ಕೋಣೆಗೆ ಹೋದಳು. ಹೇಗೂ ವಿಭಾಗ ಬಿಡುವುದೇ ಎಂದು ತೀರ್ಮಾನಿಸಿ ಹೋದದ್ದರಿಂದ ಅವಳಿಗೆ ಹೆದರಿಕೆ ಇರಲಿಲ್ಲ.

"ಮೇಡಂ, ನಿಮಗೆ ಎಕ್ಸ್‌ಪೋಶರ್ ಶೀಟ್ ಓದೋಕೆ ಬರುತ್ತಾ?" ಎಂದು ಕೇಳಿದಳು.

ಮೇಡಂ ಕೈಯಲ್ಲಿದ್ದ ಪೆನ್ನಿಗೆ ಮುಚ್ಚಳ ಹಾಕಿದರು. "ಇಲ್ಲ. ಬರಲ್ಲ," ಎಂದರು. ಆಮೇಲೆ, ಈಗ ಹೋಗು ಎಂದರು. ಬಸ್ಸಿನಂಥ ಜೀಪ್ನಿಯಲ್ಲಿ ಕೂತು ಮಬೋಲೋದ ತನ್ನ ಬಾಡಿಗೆ ಕೋಣೆ ತಲುಪುವವರೆಗೂ ಅವಳು ಅತ್ತಳು. ಎದುರು ಕೂತಿದ್ದ ಮುದುಕಿಯೊಬ್ಬಳು, ಯಾರಿಗಾಗಿ ಅಳುತ್ತಿದ್ದೀಯೋ ಅವನು ಅದಕ್ಕೆ ಯೋಗ್ಯನಲ್ಲ ಎಂದು ಸಮಾಧಾನ ಹೇಳಿ ಇಳಿದುಹೋದಳಂತೆ.

ಮರುದಿನ ಬೆಳಿಗ್ಗೆ ನಮ್ಮ ಡ್ರಾಯಿಂಗ್ ಹಾಲ್‌ನ ಬಾಗಿಲಲ್ಲಿ ತಬಾದಾ ಅವರು ನಿಂತಿದ್ದರು. ಹದಿನಾರು ವರ್ಷದ ಸೇವೆಯಲ್ಲಿ ಅವರು ಆ ಹಾಲ್‌ಗೆ ಕಾಲಿಟ್ಟದ್ದನ್ನು ಯಾರೂ ನೋಡಿರಲಿಲ್ಲ. ಕೈಯಲ್ಲಿ ಪೆನ್ಸಿಲ್ ಇತ್ತು. ಅಂದು ಕಾಲೇಜಿಗೆ ಬಾರದೆ ಗಂಟುಮೂಟೆ ಕಟ್ಟುತ್ತಿದ್ದ ಜೊನಾಲಿನ್‌ಗೆ ಗೆಳತಿಯೊಬ್ಬಳು ಫೋನ್ ಮಾಡಿ, 'ಯಾಕೆ ಮೇಡಂ' ಇಲ್ಲಿ ಚಿತ್ರ ಬರೆಯುವ ಲೈಟ್ ಟೇಬಲ್ ಮುಂದೆ ಕೂತು ನಿನ್ನನ್ನು ಕಾಯುತ್ತಿದ್ದಾರೆ ಎಂದು ಹೇಳಿದಾಗ ಅವಳು ನಂಬಲಿಲ್ಲ. ಬಂದು ನೋಡಿದರೆ ನಿಜ. ಶೀಟ್ ಓದುವುದನ್ನು ಕಲಿಸಿಕೊಡು, ಆದರೆ ಬರೆಯದೆ ಓದಲು ಆಗುವುದಿಲ್ಲ ಅನಿಸುತ್ತದೆ, ಆದ್ದರಿಂದ ಬರೆಯುವುದನ್ನೂ ಕಲಿಸು ಎಂದು ಅವರು ಕೇಳಿದರು.

ಮುಂದಿನ ಮೂರು ಶನಿವಾರ ಅವರು ಅಲ್ಲಿ ಕೂತರು. ಹೆಂಗಸೊಬ್ಬಳು ಲೋಟ ಎತ್ತಿ ಬಾಯಿಗಿಡುವ ಎರಡು ಭಂಗಿಗಳನ್ನು ಕೊಟ್ಟು, ನಡುವಿನ ಆರು ಚಿತ್ರ ಬರೆಯಿರಿ ಎಂದಳು ಜೊನಾಲಿನ್. ಮೇಡಂ ಅವರ ಕೈಯಲ್ಲಿ ಆ ಲೋಟ ಒಂದು ಚಿತ್ರದಲ್ಲಿ ಬಕೆಟ್ಟಿನಷ್ಟಾಯಿತು, ಇನ್ನೊಂದರಲ್ಲಿ ಬೆರಳಿಗಿಂತ ಚಿಕ್ಕದಾಯಿತು. ಹಾಳೆಗಳನ್ನು ಪಟಪಟನೆ ಮಗುಚಿ ತೋರಿಸಿದಾಗ ಹೆಂಗಸು ನೀರು ಕುಡಿಯುವ ಬದಲು ಯಾರಿಗೋ ಹೊಡೆಯಲು ಹೊರಟಂತಿತ್ತು. ಹಾಲ್ ತುಂಬ ನಗು. ಮೇಡಂ ಕೂಡ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ಮೂರನೆಯ ಶನಿವಾರ ಅವರು ಹೆಗಲು ಹಿಡಿದುಕೊಂಡು, ಒಬ್ಬಳಿಗೆ ಒಂದು ಲೋಟ ನೀರು ಕುಡಿಸಲು ಇಷ್ಟು ಕಷ್ಟವೇ, ಹಾಗಾದರೆ ಕುಡಿಸದೆ ಬಿಡುವುದೇ ಸುಲಭ ಎಂದು ತಮ್ಮಷ್ಟಕ್ಕೆ ಹೇಳಿಕೊಂಡದ್ದನ್ನು ಪಕ್ಕದಲ್ಲಿದ್ದವರೆಲ್ಲ ಕೇಳಿದರು.

ಸೋಮವಾರ ಏಳೂವರೆಯ ತರಗತಿಯಲ್ಲಿ ಅವರು ಪಾಠಕ್ಕೆ ಮುಂಚೆ ಜೊನಾಲಿನ್‌ಳ ಪ್ರಸ್ತಾವವನ್ನು ಕೇಳಿ ಪಡೆದರು. ತಾವು ಕೆಂಪು ಶಾಯಿಯಲ್ಲಿ ಬರೆದದ್ದನ್ನು ನಲವತ್ತು ಮಂದಿಯ ಮುಂದೆ ಗಟ್ಟಿಯಾಗಿ ಓದಿದರು.

"ಇದನ್ನ ಬರೆದಾಗ ನನಗೆ ಗೊತ್ತಿಲ್ಲದ ವಿಷಯದ ಮೇಲೆ ನಾನು ತೀರ್ಪು ಕೊಟ್ಟಿದ್ದೆ," ಎಂದರು. "ತಪ್ಪಾಯ್ತು. ಜೊನಾಲಿನ್, ನಿನ್ನ ವಿಷಯ ಸರಿಯಾಗಿದೆ. ಕೆಲಸ ಶುರು ಮಾಡು."

ಕೆಂಪು ಶಾಯಿಯ ಸಾಲನ್ನು ಹೊಡೆದುಹಾಕಿ, ಪಕ್ಕದಲ್ಲಿ ಸಹಿ ಮಾಡಿ, ದಿನಾಂಕ ಹಾಕಿ ಹಾಳೆ ಹಿಂದಿರುಗಿಸಿದರು. ಆಮೇಲೆ ಎಂದಿನಂತೆ ಪಾಠ ನಡೆಯಿತು. ಅಂದು ಯಾರೂ ಮಲಗಲಿಲ್ಲ. ನಪಾಸಾದ ತನ್ನ ಮುಂದೆ ಆ ಕುರ್ಚಿಯಲ್ಲಿ ಕೂತವರೊಬ್ಬರು ಹೀಗೆ ಹೇಳಿಯಾರೆಂದು ಜೊನಾಲಿನ್ ಕನಸಿನಲ್ಲೂ ನೆನೆಸಿರಲಿಲ್ಲ. ಆ ದಿನದಿಂದ ಥಿಯರಿ ಎಂದರೆ ಯಾರೋ ದೊಡ್ಡವರು ಹೇಳಿ ಮುಗಿಸಿದ್ದು ಎಂಬ ಅವಳ ಅಂಜಿಕೆ ಹೋಯಿತು.

ಅನಂತರದ ಆರು ತಿಂಗಳಲ್ಲಿ ಅವರು ತೋರಿದ ಪ್ರೀತಿಯನ್ನು ಜೊನಾಲಿನ್ ಇಂದೂ ಒಂದೊಂದಾಗಿ ನೆನೆಯುತ್ತಾಳೆ. ಬಾಡಿಗೆ ಕೋಣೆಯಲ್ಲಿ ಉದ್ದನೆಯ ಶೀಟುಗಳನ್ನು ಹರಡಲು ಜಾಗವಿಲ್ಲವೆಂದು ತಿಳಿದು, ತಮ್ಮ ಕೋಣೆಯ ದೊಡ್ಡ ಮೇಜನ್ನು ಅವಳಿಗೆ ಬಿಟ್ಟುಕೊಟ್ಟು ತಾವು ಕಿಟಕಿಯ ಬಳಿ ಮೊಣಕಾಲ ಮೇಲೆ ಉತ್ತರ ಪತ್ರಿಕೆ ಇಟ್ಟು ತಿದ್ದಿದರು. ಕತ್ಮೋನ್‌ಗೆ ಬಸ್ಸಿನಲ್ಲಿ ತಾವೇ ಜೊತೆಗೆ ಹೋಗಿ, ಬರುವಾಗ ಒಂದು ಪೆಟ್ಟಿಗೆಯನ್ನು ಎರಡೂವರೆ ಗಂಟೆ ತೊಡೆಯ ಮೇಲಿಟ್ಟುಕೊಂಡು ಬಂದರು. ಕೆಳಗಿಡಿ ಮೇಡಂ ಎಂದರೆ, ಕೆಳಗೆ ಯಾರದೋ ಕೋಳಿ ಇದೆ ಎಂದರು. ಮನಾಂಗ್ ಕೋರಿಂಗ್‌ಳ ಮುಂದೆ ಅವರು ನೋಟ್‌ಬುಕ್ ತೆರೆದು ವಿದ್ಯಾರ್ಥಿನಿಯಂತೆಯೇ ಕೂತಿದ್ದನ್ನು ಕಂಡು ಆಕೆಗೆ ಮೊದಮೊದಲು ಬಾಯಿ ಬರಲಿಲ್ಲ. ಆಮೇಲೆ ಬಂದ ಬಾಯಿ ನಿಲ್ಲಲಿಲ್ಲ. ಹುಡುಗಿ ಸೀನಿಗಾಗಿ ಜಗಳವಾಡುತ್ತಿದ್ದುದು ನೆನೆದರೆ ಈಗ ನಾಚಿಕೆಯಾಗುತ್ತದೆ ಎಂದು ಆಕೆ ಹೇಳಿದಾಗ, ನಾಚಿಕೆ ನಿಮಗೇಕೆ, ಮಗುವಿಗೆ ಬೆಳಕಿರುವಾಗ ಉಣ್ಣಿಸಲು ಹೋಗುತ್ತಿದ್ದಿರಿ ಎಂದು ಮೇಡಂ ಹೇಳಿದರು. ಆ ಮಾತನ್ನು ಜೊನಾಲಿನ್ ಬರೆದಿಟ್ಟುಕೊಂಡಳು.

ಆದರೆ ಪ್ರೀತಿಯೆಂದರೆ ಸಡಿಲ ಬಿಡುವುದಲ್ಲ. ನೂರ ಎಂಬತ್ತಾರು ಶೀಟುಗಳನ್ನು ಎಣಿಸಿ ಮುಗಿಸಿದಾಗ, ಗಂಡಸರಿಗೆ ಸೆಕೆಂಡಿಗೆ ಸರಾಸರಿ ಒಂಬತ್ತು ಚಿತ್ರ, ಹೆಂಗಸರಿಗೆ ನಾಲ್ಕಕ್ಕೂ ಕಡಿಮೆ ಎಂದು ಬಂತು. ಜೊನಾಲಿನ್ ಕುಣಿಯುತ್ತ ಬಂದಳು. ಮೇಡಂ ಪಟ್ಟಿಯನ್ನು ನೋಡಿ, ಗಂಡಸರು ಸುಮ್ಮನೆ ನಿಂತು ಮಾತಾಡುವ ದೃಶ್ಯಗಳನ್ನು ಬೇರೆ ಮಾಡಿ ಹೆಂಗಸರ ಅಂಥದೇ ದೃಶ್ಯಗಳೊಂದಿಗೆ ಹೋಲಿಸು ಎಂದರು. ಹೋಲಿಸಿದರೆ ಅಂತರ ಹೆಚ್ಚುಕಡಿಮೆ ಮಾಯವಾಯಿತು. ಮಾತಾಡುತ್ತ ನಿಂತ ಗಂಡಸಿಗೆ ಐದು, ಮಾತಾಡುತ್ತ ನಿಂತ ಹೆಂಗಸಿಗೆ ನಾಲ್ಕೂವರೆ.

"ಎಲ್ಲಾ ಹೋಯ್ತು ಮೇಡಂ," ಎಂದಳು.

"ಹೋಗೋದು ಹೋಗಲಿ. ಉಳಿದಿದ್ದೇನು, ಅದನ್ನ ನೋಡು."

ಉಳಿದದ್ದನ್ನು ಹುಡುಕಲು ಅವಳಿಗೆ ಮತ್ತೆ ಒಂದು ತಿಂಗಳು ಬೇಕಾಯಿತು. ನಿಂತ ಹೆಂಗಸನ್ನು ಯಾರೂ ಕಡಿಮೆ ಬರೆದಿರಲಿಲ್ಲ. ಆದರೆ ಹೆಂಗಸನ್ನು ನಿಲ್ಲಿಸಿಯೇ ಇಟ್ಟಿದ್ದರು. ಹೆಂಗಸಿರುವ ಹತ್ತು ದೃಶ್ಯಗಳಲ್ಲಿ ಏಳರಲ್ಲಿ ಅವಳು ಇನ್ನೊಬ್ಬರ ಮಾತು ಕೇಳುತ್ತ ನಿಂತಿದ್ದಳು. ಗಂಡಸು ಹಾಗೆ ನಿಂತದ್ದು ಹತ್ತರಲ್ಲಿ ಎರಡು ಸಲ. ಇದನ್ನು ಕಂಡುಕೊಂಡ ಮಧ್ಯಾಹ್ನ ಜೊನಾಲಿನ್ ಪದವಿಗಾಗಿ ತಾನೇ ತಯಾರಿಸುತ್ತಿದ್ದ ಕಿರುಚಿತ್ರದ ಶೀಟುಗಳನ್ನು ತೆಗೆದು ಎಣಿಸಿದಳು. ನಾಲ್ಕು ನಿಮಿಷದ ಚಿತ್ರ. ಅದರಲ್ಲಿನ ತಾಯಿ ಮೂರು ನಿಮಿಷ ಬಾಗಿಲಲ್ಲಿ ನಿಂತು ಮಗನ ಮಾತು ಕೇಳುತ್ತಿದ್ದಳು. ಆ ಚಿತ್ರ ಬಹುತೇಕ ಮುಗಿದಿತ್ತು. ಮೇಡಂ ಅದನ್ನು ತಿದ್ದು ಎನ್ನಲಿಲ್ಲ, ಬಿಡು ಎನ್ನಲೂ ಇಲ್ಲ. ಅದನ್ನೂ ಪ್ರಬಂಧದ ಪಟ್ಟಿಗೆ ಸೇರಿಸುತ್ತೀಯಾ ಎಂದಷ್ಟೇ ಕೇಳಿದರು. ಜೊನಾಲಿನ್ ಸೇರಿಸಿದಳು. ಚಿತ್ರವನ್ನು ಇದ್ದ ಹಾಗೆಯೇ ಒಪ್ಪಿಸಿ, ನೂರ ಎಂಬತ್ತೇಳನೆಯ ದಾಖಲೆ ತನ್ನದೆಂದು ಪ್ರಬಂಧದಲ್ಲಿ ಬರೆದಳು.

೨೦೦೭ರ ಮಾರ್ಚ್‌ನಲ್ಲಿ ಮೌಖಿಕ ಪರೀಕ್ಷೆ ನಡೆಯಿತು. ತಬಾದಾ ಅವರು ಮನಾಂಗ್ ಕೋರಿಂಗ್‌ಳನ್ನು ಕತ್ಮೋನ್‌ನಿಂದ ಕರೆಸಿ ಮೊದಲ ಸಾಲಿನಲ್ಲಿ ಡೀನರ ಪಕ್ಕದಲ್ಲಿ ಕೂರಿಸಿದ್ದರು. ಆಕೆ ಎಲ್ಲರಿಗೂ ಹಂಚಲು ಬುದ್ಬುದ್ ತಂದಿದ್ದಳು. ಹೊರಗಿನ ಪರೀಕ್ಷಕರು ಸ್ಟುಡಿಯೋ ನಡೆಸುತ್ತಿದ್ದ ಅನುಭವಿ. ಪ್ರಬಂಧವನ್ನು ಪೂರ್ತಿ ಓದಿಕೊಂಡೇ ಬಂದಿದ್ದರು. ಅವರು ತಬಾದಾ ಅವರ ಕಡೆ ತಿರುಗಿ, ಇದು ಮಾಧ್ಯಮ ಅಧ್ಯಯನದ ಯಾವ ವಿಭಾಗಕ್ಕೆ ಸೇರುತ್ತದೆ, ನೀವೇ ಹೇಳಬೇಕು ಎಂದರು.

"ಈ ವಿಷಯದಲ್ಲಿ ನಾನು ಅವಳ ವಿದ್ಯಾರ್ಥಿನಿ," ಎಂದರು ಮೇಡಂ. "ಅವಳನ್ನೇ ಕೇಳಿ."

ಪರೀಕ್ಷಕರು ಜೊನಾಲಿನ್‌ಳನ್ನು ನೋಡಿದರು. "ನೋಡಮ್ಮ, ಯಾವ ಸ್ಟುಡಿಯೋ ಆದ್ರೂ ಎಲ್ಲಾದ್ರೂ ಒಂದು ಕಡೆ ಚಿತ್ರ ಉಳಿಸಲೇಬೇಕು. ಇಲ್ಲದಿದ್ರೆ ಕೆಲಸ ಮುಗಿಯಲ್ಲ. ಇದರಲ್ಲಿ ಹೆಂಗಸರ ಮೇಲೆ ದ್ವೇಷ ಎಲ್ಲಿಂದ ಬಂತು?"

"ದ್ವೇಷ ಅಂತ ನಾನು ಎಲ್ಲೂ ಬರೆದಿಲ್ಲ ಸರ್," ಎಂದಳು ಜೊನಾಲಿನ್. "ಉಳಿಸಬೇಕಾದಾಗೆಲ್ಲ ನಮ್ಮ ಕೈ ಒಂದೇ ಕಡೆ ಹೋಯ್ತು. ಯಾರೂ ಹೇಳಿಕೊಡದೇನೇ ಹೋಯ್ತು. ನನ್ನ ಕೈನೂ ಹೋಯ್ತು. ಅದನ್ನ ಬರೆದಿದ್ದೀನಿ."

ಪರೀಕ್ಷಕರು ಕೊನೆಯ ದಾಖಲೆಯ ಪುಟ ತೆರೆದು ನೋಡಿದರು. ಅದನ್ನು ಓದಿ ಪ್ರಬಂಧವನ್ನು ಮುಚ್ಚಿಟ್ಟರು. ಮೊದಲ ಸಾಲಿನಲ್ಲಿ ಮನಾಂಗ್ ಕೋರಿಂಗ್ ಕೈವಸ್ತ್ರದಿಂದ ಮೂಗೊರೆಸಿಕೊಂಡಳು.

ಪ್ರಬಂಧ ಒಪ್ಪಿಗೆಯಾಯಿತು. ಅತ್ಯುನ್ನತ ಶ್ರೇಣಿ ಸಿಗುತ್ತದೆಂದು ಇಡೀ ವಿಭಾಗ ಕಾಯುತ್ತಿದ್ದರೆ, ಪರೀಕ್ಷಕರು ಕೊಡಲು ಸಿದ್ಧರಿದ್ದ ಆ ಶ್ರೇಣಿಯನ್ನು ಒಂದು ಮೆಟ್ಟಿಲು ಇಳಿಸಿದವರು ಸ್ವತಃ ತಬಾದಾ ಅವರು. ಕೊನೆಯ ಅಧ್ಯಾಯ ಅವಸರದಲ್ಲಿ ಬರೆದದ್ದು, ಅದು ನಿನಗೂ ಗೊತ್ತು ಎಂದರು. ಹಳೆಯ ನಪಾಸನ್ನು ಅಂಕಪಟ್ಟಿಯಿಂದ ತೆಗೆಸಬಹುದೇ ಎಂದು ಕೇಳಿದ್ದಕ್ಕೂ ಒಪ್ಪಲಿಲ್ಲ. ಜೊನಾಲಿನ್‌ಗೆ ಒಂದು ವಾರ ಸಿಟ್ಟಿತ್ತು. ಈಗ ತನ್ನ ವಿದ್ಯಾರ್ಥಿಗಳ ಕೊನೆಯ ಅಧ್ಯಾಯಗಳನ್ನು ತಿದ್ದುವಾಗ ಆ ಸಿಟ್ಟನ್ನು ನೆನೆದು ನಗುತ್ತಾಳೆ.

ಮುಂದಿನ ವರ್ಷಗಳ ಸಾಧನೆಗಳನ್ನು ಬೇರೆಯವರು ಬರೆದಿದ್ದಾರೆ. ಒಂದನ್ನು ಮಾತ್ರ ಇಲ್ಲಿ ಸೇರಿಸಬೇಕು. ಪದವಿ ಇಲ್ಲದವರಿಗೆ ಪಾಠ ಹೇಳುವ ಅವಕಾಶವಿಲ್ಲವೆಂದು ಆಡಳಿತ ಮಂಡಳಿ ಎರಡು ಸಲ ಹಿಂದಿರುಗಿಸಿದ ಅರ್ಜಿಯನ್ನು ಮೂರನೆಯ ಸಲ ಬರೆದು, ತಬಾದಾ ಅವರು ಮನಾಂಗ್ ಕೋರಿಂಗ್‌ಳನ್ನು ನಮ್ಮ ಮೊದಲ ವರ್ಷದ ಮಕ್ಕಳಿಗೆ ಶನಿವಾರದ ಶಿಕ್ಷಕಿಯಾಗಿ ನೇಮಕ ಮಾಡಿಸಿದರು. ಆಕೆ ಏಳು ವರ್ಷ ಕಲಿಸಿದಳು. ಪಾಠ ನಡೆಯುವಾಗ ಹಿಂದಿನ ಬೆಂಚಿನಲ್ಲಿ ಮೇಡಂ ಕೂತು ಬರೆಯುತ್ತಿದ್ದರು. ಅವರ ಚಿತ್ರ ಕೊನೆಗೂ ಸುಧಾರಿಸಲಿಲ್ಲ ಎಂಬುದನ್ನು, ಚಿತ್ರದ ಮೇಷ್ಟ್ರಾಗಿ, ಈ ಗೌರವದ ಸಂದರ್ಭದಲ್ಲೂ ಹೇಳದೆ ಇರಲಾಗದು.

ನಿವೃತ್ತಿಗೆ ಏನು ಕಾಣಿಕೆ ಬೇಕೆಂದು ವಿಭಾಗದ ಪರವಾಗಿ ಜೊನಾಲಿನ್ ಕಳೆದ ತಿಂಗಳು ಕೇಳಿದಳು. ಅವರು ಒಂದು ಹಾಳೆ ತೆಗೆದು ಮೇಜಿನ ಮೇಲಿಟ್ಟರು. ಅದರಲ್ಲಿ ಇಪ್ಪತ್ತಮೂರು ಹೆಸರುಗಳಿದ್ದವು. ಹಳೆಯ ಸ್ಟುಡಿಯೋಗಳಲ್ಲಿ ನಡುವಿನ ಚಿತ್ರ ಬರೆದ, ಈಗ ಬೊಹೋಲ್‌ನಿಂದ ಸಮಾರ್‌ವರೆಗಿನ ದ್ವೀಪಗಳಲ್ಲಿ ಚದುರಿಹೋಗಿರುವ ಹೆಂಗಸರ ಹೆಸರುಗಳು. ಎಲ್ಲರಿಗಿಂತ ಚಿಕ್ಕವಳಿಗೆ ಅರವತ್ತೊಂದು, ಹಿರಿಯಳಿಗೆ ಎಂಬತ್ತನಾಲ್ಕು. ಅವರ ನೆನಪುಗಳನ್ನು ಬರೆದುಕೊಳ್ಳಲು ಹೊರಟಿದ್ದೇನೆ, ಶೀಟ್ ಓದಬಲ್ಲವರೊಬ್ಬರು ಜೊತೆಗೆ ಬೇಕು, ರಜೆಯಲ್ಲಿ ನೀನು ಬರುತ್ತೀಯಾ ಎಂದು ಕೇಳಿದರು. ಏಪ್ರಿಲ್ ಒಂದರ ಬೆಳಗಿನ ದೋಣಿಗೆ ಇಬ್ಬರ ಟಿಕೆಟ್ಟೂ ಆಗಿದೆ.

ತಬಾದಾ ಮೇಡಂ ಅವರಿಗೆ ದೀರ್ಘವಾದ ಆಯುಸ್ಸು ದೊರೆಯಲೆಂದು ನಾವೆಲ್ಲ ಹಾರೈಸುತ್ತೇವೆ. ಅವರ ಮೊಣಕಾಲು ದೋಣಿಯ ಮೆಟ್ಟಿಲುಗಳಿಗೆ ಗಟ್ಟಿಯಾಗಿರಲಿ, ಕಣ್ಣು ಸಣ್ಣ ಅಕ್ಷರಕ್ಕೆ ಚುರುಕಾಗಿರಲಿ. ಹಾರೈಕೆ ಅಷ್ಟಕ್ಕೇ ನಿಂತರೆ ಅವರೇ ಒಪ್ಪಲಾರರು. ಆ ಪಟ್ಟಿಯ ಇಪ್ಪತ್ತಮೂರು ಮಂದಿಯೂ ಅವರು ಬಾಗಿಲು ತಟ್ಟುವ ದಿನದವರೆಗೆ ಸುಖವಾಗಿರಲಿ, ತಟ್ಟಿದಾಗ ಎದ್ದು ಬಂದು ಬಾಗಿಲು ತೆರೆಯಲಿ, ಮಾತಾಡಲಿ. ಕೇಳಿಸಿಕೊಳ್ಳಲು ಮೇಡಂ ಇದ್ದಾರೆ.